ಪದಚರ್ಚೆ: 'ಜಿಗಿ ಬಿದ್ದದ' ಅಂದರೆ ಹುಳುವೋ, ಅಂಟೋ?

ಎಲ್ಲರಿಗೂ ನಮಸ್ಕಾರ.

'ಜಿಗಿ' ಎಂಬ ಪದದ ಬಗ್ಗೆ ಕೇಳಬೇಕಿದೆ. ಕೃಷಿ ಕರಪತ್ರಗಳಲ್ಲಿ ಬರುವ 'ಜಿಗಿಹುಳು'ವಿನ ಜಿಗಿ, ಕಲಬುರಗಿಯಲ್ಲಿ ನಾನು ಕೇಳಿದ 'ಜಿಗಿ' ಎರಡೂ ಒಂದೇ ಎಂದುಕೊಂಡು ಹಿತ್ತಲಿನ ಒಂದು ಸಾಲು ಅಲಸಂದೆ ಕಳೆದುಕೊಂಡೆ. ಹಾಗಾಗಿ ಇದು ನನಗೆ ಬರೀ ನಿಘಂಟಿನ ಪ್ರಶ್ನೆಯಲ್ಲ.

ನಾನು ತಿಪಟೂರು ಕಡೆಯವಳು. ಕಲಬುರಗಿಗೆ ಬಂದು ಆರು ವರ್ಷ ಆಯಿತು. ಮನೆಯ ಹಿಂದೆ ಎರಡು ಮಡಿ ಮಾಡಿಕೊಂಡು ಬೆಂಡೆ, ಬದನೆ, ಅಲಸಂದೆ, ನಾಲ್ಕು ಮೆಣಸಿನ ಗಿಡ ಹಾಕಿದ್ದೇನೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಷ್ಟರೊಳಗೆ ಅಲಸಂದೆ ಕಾಯಿ ಬಿಡಿಸಿಕೊಂಡುಬಿಡಬೇಕು ಎಂಬ ಅವಸರ ನನ್ನದು. ಶಿವರಾತ್ರಿಗೆ ಸ್ವಲ್ಪ ಮುಂಚೆ ಪಕ್ಕದ ಮನೆಯ ಆಯಿ ಗೋಡೆಯ ಆಚೆಯಿಂದಲೇ ನೋಡಿ ಹೇಳಿದರು: "ಯವ್ವಾ, ಅಲಸಂದಿಗಿ ಜಿಗಿ ಬಿದ್ದದ ನೋಡು."

ನನಗೆ ಗೊತ್ತಿದ್ದದ್ದು ಜಿಗಿಹುಳು. ಬೆಂಡೆ, ಬದನೆ, ಹತ್ತಿ ಎಲೆಗಳ ಅಡಿಯಲ್ಲಿ ಇರುವ ಎರಡು ಮೂರು ಮಿಲಿಮೀಟರ್ ಉದ್ದದ ತಿಳಿಹಸಿರು ಕೀಟ. ಎಲೆ ತಿರುವಿದರೆ ಅಡ್ಡಡ್ಡ ಓಡಿ, ಪಟ್ಟನೆ ನೆಗೆದುಬಿಡುತ್ತದೆ. ಅದು ರಸ ಹೀರಿದ ಎಲೆಯ ಅಂಚು ಮೊದಲು ಹಳದಿಯಾಗಿ ಮಡಚಿಕೊಳ್ಳುತ್ತದೆ, ಆಮೇಲೆ ಸುಟ್ಟ ಹಾಗೆ ಕಂದಾಗುತ್ತದೆ. ಆಯಿ ಹೇಳಿದ್ದು ಇದನ್ನೇ ಇರಬೇಕು ಎಂದು ಹಳದಿ ಅಂಟುಹಾಳೆ ತಂದು ಕೋಲಿಗೆ ಕಟ್ಟಿದೆ. ವಾರ ಕಳೆದರೂ ಹಾಳೆಗೆ ಸಿಕ್ಕಿದ್ದು ನಾಲ್ಕಾರು ಸೊಳ್ಳೆ, ಒಂದೆರಡು ಬಿಳಿನೊಣ. ಅಲಸಂದೆಯ ಕುಡಿಗಳು ಮಾತ್ರ ದಿನದಿನಕ್ಕೂ ಮುರುಟುತ್ತಾ ಹೋದವು.

ಕೊನೆಗೆ ಆಯಿಯನ್ನೇ ಕರೆದೆ. ಅವರು ಹುಳ ಹುಡುಕಲಿಲ್ಲ. ನನ್ನ ಬೆರಳು ಹಿಡಿದು ಕೆಳಗಿನ ಒಂದು ಎಲೆಯ ಮೇಲೆ ಒತ್ತಿಸಿದರು. "ಜಿಗಿ ಅಂದ್ರ ಇದೇ ಯವ್ವಾ. ಕೈಗಿ ಹತ್ತತದ ನೋಡು. ಕುಸುಬಿಗೂ ಹಿಂಗೇ ಬೀಳ್ತದ." ಎಲೆಯ ಮೇಲ್ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು, ಮುಟ್ಟಿದರೆ ಬೆಲ್ಲದ ಪಾಕದ ಅಂಟು. ಆ ಎಲೆಯಲ್ಲಿ ಒಂದು ಹುಳವೂ ಇರಲಿಲ್ಲ. ಅದರ ಮೇಲಿನ ಕುಡಿಯನ್ನು ಬಗ್ಗಿಸಿ ನೋಡಿದರೆ ಕಾಂಡವೇ ಕಾಣದಷ್ಟು ಕರಿಹೇನು, ಗಿಡದ ರಸ ಹೀರುವ ಸಣ್ಣ ಕಪ್ಪು ಹುಳ. ಮುಟ್ಟಿದರೂ ಕದಲುತ್ತಿರಲಿಲ್ಲ. ನಡುನಡುವೆ ಅವು ಕಳಚಿಟ್ಟ ಬಿಳಿ ಪೊರೆಗಳು, ಕೆಳಗಿಂದ ಮೇಲಕ್ಕೆ ಇರುವೆ ಸಾಲು. ರೆಕ್ಕೆಯಿಲ್ಲದೆ ಕುಡಿಗೆ ಕಚ್ಚಿಕೊಂಡು ಕೂತ ಹೇನು ನನ್ನ ಹಳದಿ ಹಾಳೆಗೆ ಬಂದು ಬೀಳುವುದಾದರೂ ಹೇಗೆ?

ಇಲ್ಲಿಂದ ನನ್ನ ಪ್ರಶ್ನೆ ಶುರು. ಕನ್ನಡದಲ್ಲಿ 'ಜಿಗಿ' ಎರಡಿವೆ. ಒಂದು ನೆಗೆ ಎಂಬ ಅರ್ಥದ ಕ್ರಿಯಾಪದ. ಜಿಗಿತ ಬಂದದ್ದು ಅದರಿಂದ. ಇನ್ನೊಂದು ಅಂಟು ಎಂಬ ಅರ್ಥದ ನಾಮಪದ, ಜಿಗುಟಿನ ಬಳಗದ್ದು. ಕರಪತ್ರದ ಜಿಗಿಹುಳು ಮೊದಲನೆಯದರಿಂದ ಆದದ್ದು, ಆಯಿಯ ಜಿಗಿ ಎರಡನೆಯದು. ಒಂದು ಹುಳುವಿನ ನಡತೆಗೆ ಕೊಟ್ಟ ಹೆಸರು, ಇನ್ನೊಂದು ಗಿಡದ ಮೇಲೆ ಕಾಣುವ ಗುರುತಿಗೆ ಕೊಟ್ಟ ಹೆಸರು. ಬರಹದಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ನನ್ನಂಥವರು ಮೋಸ ಹೋಗುತ್ತೇವೆ.

ಆಯಿ ಬಳಸಿದ ಕ್ರಿಯಾಪದವನ್ನೂ ಗಮನಿಸಬೇಕು. ಹೇನು 'ಹತ್ತುತ್ತವೆ', ರೋಗ 'ಬರುತ್ತದೆ', ಆದರೆ ಜಿಗಿ 'ಬೀಳುತ್ತದೆ', ಇಬ್ಬನಿ ಬೀಳುವ ಹಾಗೆ. ಹೇನು ರಸ ಹೀರಿ ಹೊರಬಿಡುವ ಸಿಹಿನೀರು ನಿಜವಾಗಿಯೂ ಮೇಲಿನ ಕುಡಿಯಿಂದ ಕೆಳಗಿನ ಎಲೆಯ ಮೇಲೆ ಬೀಳುತ್ತದೆ. ಅಂಟು ಒಂದು ಕಡೆ, ಹುಳ ಇನ್ನೊಂದು ಕಡೆ. ಜಿಗಿ ಬಿದ್ದ ಎಲೆ ಕಂಡರೆ ಅದರ ಮೇಲೇನಿದೆ ಎಂದು ತಲೆಯೆತ್ತಿ ಹುಡುಕಬೇಕು ಎಂಬ ಸೂಚನೆ ಆ 'ಬಿದ್ದದ' ಎಂಬುದರಲ್ಲೇ ಇದೆ. ನಾನು ಓದಿದ ಕರಪತ್ರಗಳು 'ಸಿಹಿಯಾದ ಅಂಟು ದ್ರವವನ್ನು ಸ್ರವಿಸುತ್ತವೆ' ಎಂದು ಇದನ್ನೇ ಉದ್ದಕ್ಕೆ ಬರೆಯುತ್ತವೆ. ಎರಡಕ್ಷರದ ಪದ ಜನರ ಬಾಯಲ್ಲಿ ಇರುವಾಗ ಅದನ್ನೇ ಬಳಸಬಾರದೇಕೆ? ಬಳಸಬೇಕು ಎಂದೇ ನನ್ನ ಅಭಿಪ್ರಾಯ. ಆ ಜಿಗಿಯ ಮೇಲೆ ಆಮೇಲೆ ಬೆಳೆಯುವ ಮಸಿಯಂಥ ಕಪ್ಪು ಬೂಷ್ಟಿಗೂ ಹಳ್ಳಿಯ ಹೆಸರು ಇರಬೇಕು. ಗೊತ್ತಿದ್ದವರು ತಿಳಿಸಿ.

ಸಮಸ್ಯೆ ಬಿಗಿಯಾಗುವುದು ಮಾವಿನಲ್ಲಿ. ಮಾವಿನ ಹೂ ಗೊಂಚಲಿಗೆ ಬರುವ ಜಿಗಿಹುಳು ನೆಗೆಯುವುದೂ ಹೌದು, ಸಿಹಿ ಅಂಟು ಬಿಡುವುದೂ ಹೌದು. ಹುಳ ಹೆಚ್ಚಾದ ವರ್ಷ ಮರದ ಕೆಳಗಿನ ಎಲೆಗಳೆಲ್ಲ ಜಿಗಿ ಹಿಡಿದು, ಮೇಲೆ ಕಪ್ಪು ಕಟ್ಟುತ್ತವೆ. ಅಲ್ಲಿ ಎರಡು ಅರ್ಥವೂ ಸರಿಹೊಂದುತ್ತದೆ. ಹಾಗಾದರೆ ರೈತರು ಜಿಗಿಹುಳು ಎಂದಾಗ ಮನಸ್ಸಿನಲ್ಲಿ ಇರುವುದು ಜಿಗಿತವೋ, ಜಿಗುಟೋ? ಶ್ರೀನಿವಾಸಪುರ, ರಾಮನಗರ, ಧಾರವಾಡ ಕಡೆ ಮಾವಿನ ತೋಟ ಇರುವವರು ಮನೆಯ ಹಿರಿಯರನ್ನು ಕೇಳಿ ಬರೆದರೆ ದೊಡ್ಡ ಉಪಕಾರ. ಭತ್ತದ ಕಂದು ಜಿಗಿಹುಳುವನ್ನು ಗಂಗಾವತಿ, ಸಿಂಧನೂರು ಕಡೆ ಬಾಯಿಮಾತಿನಲ್ಲಿ ಏನೆನ್ನುತ್ತಾರೆ ಎಂಬುದೂ ಬೇಕು.

ಇದರ ಜೊತೆಗೇ ಇನ್ನೊಂದು ಪದ: ನುಸಿ. ನನಗೆ ಚಿಕ್ಕಂದಿನಿಂದ ನುಸಿ ಅಂದರೆ ಅಕ್ಕಿಯಲ್ಲಿ, ಹಿಟ್ಟಿನಲ್ಲಿ ಆಗುವ ಸಣ್ಣ ಹುಳ. ತೆಂಗಿನ ಕಾಯಿಯ ತೊಟ್ಟಿನ ಕೆಳಗೆ ಸೇರಿ ರಸ ಹೀರುವ, ಬರಿಗಣ್ಣಿಗೆ ಕಾಣದ ಜೀವಿ 1998ರಲ್ಲಿ ಕೇರಳದಲ್ಲಿ ವರದಿಯಾಗಿ ನಮ್ಮ ಕಡೆಗೂ ಹರಡಿದಾಗ, ಅದು 'ನುಸಿಪೀಡೆ' ಆಯಿತು. ಈಗ ಮೆಣಸಿನ ಗಿಡದ ವಿಷಯಕ್ಕೆ ಬಂದರೆ 'ಥ್ರಿಪ್ಸ್ ನುಸಿ' ಎಂದೂ ಬರೆಯುತ್ತಾರೆ, 'ಮೈಟ್ ನುಸಿ' ಎಂದೂ ಬರೆಯುತ್ತಾರೆ. ಎರಡೂ ಎಲೆಯ ರಸ ಹೀರುವ ತೀರಾ ಸಣ್ಣ ಜೀವಿಗಳೇ, ಆದರೆ ಥ್ರಿಪ್ಸ್‌ಗೆ ಆರು ಕಾಲು, ಮೆಣಸಿನ ಮೈಟ್‌ಗೆ ಎಂಟು. ಮೊದಲನೆಯದು ಬಿದ್ದರೆ ಮೆಣಸಿನ ಎಲೆ ದೋಣಿಯ ಹಾಗೆ ಮೇಲಕ್ಕೆ ಮುದುಡುತ್ತದೆ, ಎರಡನೆಯದು ಬಿದ್ದರೆ ಬೋರಲು ಹಾಕಿದ ದೋಣಿಯ ಹಾಗೆ ಕೆಳಕ್ಕೆ. ಗಂಧಕ ಹೊಡೆದರೆ ಮೈಟ್ ಹತೋಟಿಗೆ ಬರುತ್ತದೆ. ಅದೇ ಭರವಸೆಯಿಂದ ಥ್ರಿಪ್ಸ್‌ಗೆ ಹೊಡೆದರೆ ದುಡ್ಡು ದಂಡ, ಇಲ್ಲಿಯ ಬಿಸಿಲಲ್ಲಂತೂ ಎಲೆಯೂ ಸುಡುತ್ತದೆ. ಎರಡಕ್ಕೂ ನುಸಿ ಎಂದೇ ಹೇಳಿದರೆ ಮನೆಮುಂದೆ ನಾಲ್ಕು ಗಿಡ ಇಟ್ಟುಕೊಂಡವರು ಏನು ತಿಳಿಯಬೇಕು? 'ಮೇಲ್ಮುದುಡು', 'ಕೆಳಮುದುಡು' ಎಂದು ಕಣ್ಣಿಗೆ ಕಾಣುವುದನ್ನೇ ಹೆಸರಾಗಿಸಬಹುದೇ ಎಂದು ಯೋಚಿಸಿದೆ. ಬ್ಯಾಡಗಿ, ಹಾವೇರಿ ಕಡೆಯ ಮೆಣಸಿನಕಾಯಿ ಬೆಳೆಗಾರರಲ್ಲಿ ಈ ಎರಡು ಬಗೆಗೆ ಆಗಲೇ ಬೇರೆ ಬೇರೆ ಮಾತು ಇದ್ದರೆ ನಾನು ಕಟ್ಟಿದ ಪದಗಳ ಅಗತ್ಯವೇ ಇಲ್ಲ.

ಅಂದ ಹಾಗೆ, ಉಳಿದ ಅಲಸಂದೆಗೆ ಆಯಿ ಹೇಳಿದಂತೆ ಪೈಪಿನ ನೀರನ್ನು ಕುಡಿಗಳ ಅಡಿಗೆ ಜೋರಾಗಿ ಹಾಯಿಸಿ, ಸಂಜೆ ಹೊತ್ತು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪುನೀರು ಕಲಸಿ ಸಿಂಪಡಿಸಿದೆ. ಹತ್ತು ದಿನದಲ್ಲಿ ಹೇನು ತಿನ್ನುವ ಗುಲಗಂಜಿ ಹುಳುಗಳೂ ಬಂದವು.

ಉತ್ತರ ಬರೆಯುವವರು ಊರು, ಬೆಳೆ, ಜೊತೆಗೆ ಬಳಸುವ ಕ್ರಿಯಾಪದ ಮೂರನ್ನೂ ಹಾಕಿ. ನಿಮ್ಮಲ್ಲಿ ಜಿಗಿ ಬೀಳುತ್ತದೋ, ಹತ್ತುತ್ತದೋ, ಹಿಡಿಯುತ್ತದೋ?