ಕೆರೆ ಹೂಳೆತ್ತುವಾಗ ಹಕ್ಕಿಗಳಿಗೆ ಏನನ್ನು ಉಳಿಸಬೇಕು?

ಏರಿಮೇಲಿನವ:
ನಮ್ಮೂರ ಕೆರೆಯಲ್ಲಿ ಈ ಬೇಸಿಗೆ ಹೂಳೆತ್ತುತ್ತಾರಂತೆ. ಬೇಡ ಅನ್ನುವವನು ನಾನಲ್ಲ. ನನ್ನ ಹೊಲಕ್ಕೂ ಕೆರೆಯ ಗೋಡುಮಣ್ಣು ಬೇಕು, ಬೋರ್‌ವೆಲ್‌ಗೂ ನೀರು ಬೇಕು. ಆದರೆ ಕೆರೆ ನಡುವೆ ಕರಿಜಾಲಿ ಮರಗಳ ಗುಂಪೊಂದಿದೆ. ಅಲ್ಲಿ ನೀರುಕಾಗೆ, ಬೆಳ್ಳಕ್ಕಿ ಗೂಡು ಕಟ್ಟುತ್ತವೆ. ಹೋದ ವರ್ಷ ಬಣ್ಣದ ಕೊಕ್ಕರೆಗಳೂ ಬಂದವು. "ಆ ಮುಳ್ಳನ್ನೆಲ್ಲ ಕಿತ್ತು ಕ್ಲೀನ್ ಮಾಡ್ತೀವಿ" ಅಂತ ಕೆಲಸ ಹಿಡಿದವರು ಹೇಳುತ್ತಿದ್ದಾರೆ. ಹಕ್ಕಿ ಅಂದರೆ ಊರಲ್ಲಿ ನಗುತ್ತಾರೆ. ಕೆಲಸಕ್ಕೆ ಅಡ್ಡಗಾಲು ಹಾಕಿದ ಅನ್ನಿಸಿಕೊಳ್ಳದೆ ಗ್ರಾಮಸಭೆಯಲ್ಲಿ ಏನು ಕೇಳಬಹುದು?

ಗೋಡುಮಣ್ಣು:
ಬರೀ ಮರ ಉಳಿಸಿ ಅಂತ ಕೇಳಬೇಡಿ ಸರ್. ಅಂಚೂ ಅಷ್ಟೇ ಮುಖ್ಯ. ಜೆಸಿಬಿ ಕೈಗೆ ಸಿಕ್ಕ ಕೆರೆ ಬಾವಿಯ ಹಾಗಾಗುತ್ತದೆ. ದಡದಿಂದ ಒಂದು ಹೆಜ್ಜೆ ಇಟ್ಟರೆ ಆಳುದ್ದ ನೀರು. ಮೆಟ್ಟುಗಾಲು ಹಕ್ಕಿ, ಕೆಂಬರಲು, ಚಳಿಗಾಲಕ್ಕೆ ಉತ್ತರದಿಂದ ಬರುವ ಗೊರವಗಳು ಈಜಿ ಬದುಕುವವಲ್ಲ. ತೆಳ್ಳಗಿನ ನೀರಲ್ಲಿ ನಡೆದು, ಕೆಸರು ಕೆದಕಿ ತಿನ್ನುತ್ತವೆ. ಎಲ್ಲ ಕಡೆ ಆಳ ಮಾಡಿದರೆ ನೀರುಕಾಗೆ, ಗುಳುಮುಳುಕ ಇರುತ್ತವೆ, ಇವು ಹೋಗುತ್ತವೆ. ಕಡಿದಾದ ದಡದಲ್ಲಿ ದನ ಇಳಿಯಲ್ಲ, ಜಾರಿದ ಮಕ್ಕಳು ಹತ್ತಲ್ಲ. ಸಭೆಯಲ್ಲಿ ಈ ಮಾತಿನಿಂದಲೇ ಶುರು ಮಾಡಿ, ಹಕ್ಕಿ ಆಮೇಲೆ ಬರಲಿ.

ಹಳ್ಳ ಬಂದು ಸೇರುವ ಕಡೆ ಇಳಿಜಾರು ಹಾಗೇ ಇರಲಿ. ಏರಿಯ ಬುಡಕ್ಕೆ ಕೈ ಹಾಕಬಾರದು, ಏರಿಯೇ ಸಡಿಲ ಆಗುತ್ತದೆ. ಜಾಲಿ ಸುತ್ತಲೂ ಧಾರಾಳವಾಗಿ ಮಣ್ಣು ಅಗೆಯದೆ ಹಾಗೇ ಉಳಿಸಿ. ಬೇರು ಕತ್ತರಿಸಿದ ಮರ ಮೊದಲ ಗಾಳಿಗೇ ಉರುಳುತ್ತದೆ.

ಬೆಳಗಿನ ಬೈನಾಕ್ಯುಲರ್:
ನಗುವವರಿಗೆ ಅಂಕಸಮುದ್ರದ ಕಥೆ ಹೇಳಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅದೂ ನೀರಾವರಿ ಕೆರೆಯೇ, ಒಳಗೆ ನಿಂತಿರುವುದೂ ಇದೇ ಕರಿಜಾಲಿ. ಆ "ಮುಳ್ಳಿನ" ಮೇಲೆ ಕೊಕ್ಕರೆಗಳು ಗೂಡು ಕಟ್ಟಿದ್ದಕ್ಕೇ 2017ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಆಯಿತು, 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನೀರಲ್ಲಿ ನಿಂತ ಮರಕ್ಕೆ ಬೆಕ್ಕು, ನಾಯಿ ಬರಲ್ಲ ಅಲ್ವಾ, ಹಕ್ಕಿಗೆ ಅದೇ ಬೇಕು.

ಇನ್ನೊಂದು, ಸಮಯ. ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳು ವರ್ಷದ ಮೊದಲ ತಿಂಗಳುಗಳಲ್ಲಿ ಗೂಡು ಹಿಡಿಯುತ್ತವೆ, ಬೇಸಿಗೆಯಿಡೀ ಮರಿ ಸಾಕುತ್ತವೆ. ನಿಮ್ಮ ಹೂಳೆತ್ತುವ ಕೆಲಸವೂ ಸರಿಯಾಗಿ ಆಗಲೇ. ಮರ ಕಡಿಯದಿದ್ದರೂ ಕೆಳಗೆ ಜೆಸಿಬಿ ಓಡಾಡಿದರೆ ತಾಯಿ ಹಕ್ಕಿ ಏಳುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಕಾಗೆ ಸುಮ್ನೆ ಬಿಡುತ್ತದಾ? ಗೂಡಿರುವ ಭಾಗವನ್ನು ಈ ಸಲ ಬಿಟ್ಟೇಬಿಡಿ ಅನ್ನಿ.

ಏರಿಮೇಲಿನವ:
ಏರಿ ಬುಡದ ಮಾತು ಚೆನ್ನಾಗಿದೆ, ಅದಕ್ಕೆ ಯಾರೂ ನಗಲ್ಲ. ಆದರೆ ಸಭೆಯಲ್ಲಿ ಹೂಂ ಅಂದು ಆಮೇಲೆ ಉರುಳಿಸಿದರೆ? ನಮ್ಮಲ್ಲಿ ಹೂಂ ಅನ್ನುವುದು ಬಹಳ ಸುಲಭ.

ತೂಬು:
ಬಾಯಿಮಾತು ನಂಬಬೇಡಿ, ನಡಾವಳಿಯಲ್ಲಿ ಬರೆಸಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಎಷ್ಟೋ ಕಡೆ ಕಾಗದದ ಮೇಲಷ್ಟೇ ಇರುತ್ತದೆ, ಆದರೂ ಕೇಳಿ. ಗೂಡಿನ ಫೋಟೋ, ಇ-ಬರ್ಡ್ ಜಾಲತಾಣದಲ್ಲಿ ನೀವು ದಾಖಲಿಸಿದ ಹಕ್ಕಿಗಳ ಪಟ್ಟಿ ತಾರೀಖಿನ ಸಮೇತ ಅರ್ಜಿಗೆ ಲಗತ್ತಿಸಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆ ಕೆಡಿಸುವುದೂ ಬೇಟೆಯ ಲೆಕ್ಕವೇ. ಇದನ್ನು ಮೊದಲೇ ಎತ್ತಬೇಡಿ, ಜಗಳ ಆಗುತ್ತದೆ. ಜೇಬಲ್ಲಿರಲಿ.

ಕೊನೆಗೆ ಮರ ಉಳಿಸುವವನು ಜೆಸಿಬಿ ಡ್ರೈವರ್. ಅವನು ಸಭೆಗೆ ಬಂದಿರಲ್ಲ, ನಡಾವಳಿ ಓದಿರಲ್ಲ. ಬಿಡಬೇಕಾದ ಮರಗಳಿಗೆ ಮುಂಚೆಯೇ ಸುಣ್ಣದ ಪಟ್ಟೆ ಹೊಡೆಸಿ, ಕೆಲಸ ಶುರುವಾಗುವ ಬೆಳಿಗ್ಗೆ ಅವನ ಜೊತೆ ಒಂದು ಸುತ್ತು ನಡೆದು ತೋರಿಸಿ. ಡ್ರೈವರ್ ಬದಲಾದರೆ ಮತ್ತೆ ತೋರಿಸಬೇಕು.