ಅಪ್‌ಡೇಟ್: ಅಂಜನಾಥ್‌ಗೆ ವಾಟರ್ ಡ್ಯುಯಲ್ ಬ್ಲೇಡ್ಸೇ ಸರಿ

ಮಾನ್‌ಸ್ಟರ್ ಹಂಟರ್: ವರ್ಲ್ಡ್ ಗೇಮ್‌ನಲ್ಲಿ ಬೆಂಕಿಯುಗುಳುವ ಪ್ರಾಣಿ ಅಂಜನಾಥ್ ಬೇಟೆಗೆ ವಾಟರ್ (ನೀರಿನ ಶಕ್ತಿಯ) ಡ್ಯುಯಲ್ ಬ್ಲೇಡ್ಸೋ (ಪಟಪಟ ಬೀಸುವ ಜೋಡಿ ಕತ್ತಿ), ಬ್ಲಾಸ್ಟ್ ಶಕ್ತಿಯವೋ ಅಂತ ಕೇಳಿದ್ದೆ. ವಾಟರೇ. ಎಲಿಮೆಂಟ್ ಡ್ಯಾಮೇಜ್ (ನೀರು, ಬೆಂಕಿಯಂಥ ಶಕ್ತಿಯ ಪೆಟ್ಟು) ಒಂದೊಂದು ಏಟಿಗೂ ಪ್ರತ್ಯೇಕವಾಗಿ ಸೇರುತ್ತದೆ, ಹಾಗಾಗಿ ಏಟು ಹೆಚ್ಚಿದಷ್ಟೂ ಲಾಭ. ಏಟುಗಳಿಂದ ಕೂಡಿಕೊಂಡು ಮಿತಿ ಮುಟ್ಟಿದಾಗ ಸಿಡಿಯುವ ಬ್ಲಾಸ್ಟ್ ಮೊದಲು ಬೇಗ ಸಿಡಿಯುತ್ತದೆ. ಆಮೇಲೆ ಸಿಡಿದಾಗಲೆಲ್ಲ ಮುಂದಿನದಕ್ಕೆ ಬೇಕಾದ ಮಿತಿ ಏರುತ್ತಾ ಹೋಗುತ್ತದೆ.

ನಿಜವಾದ ತಲೆನೋವು ಸ್ಟ್ಯಾಮಿನಾ. ಡೀಮನ್ ಮೋಡ್‌ನಲ್ಲಿ (ಈ ಕತ್ತಿಗಳ ಏಟು ಜೋರಾಗುವ ಸ್ಥಿತಿ) ಸುಮ್ಮನೆ ನಿಂತರೂ ಸೋರುತ್ತದೆ. ಅದಕ್ಕೆ ಮ್ಯಾರಥಾನ್ ರನ್ನರ್ ಸ್ಕಿಲ್‌ನ 3ನೇ ಹಂತ ಹಾಕಿ, ಸೋರಿಕೆ ಅರ್ಧಕ್ಕಿಳಿಯುತ್ತದೆ. ಕಾನ್‌ಸ್ಟಿಟ್ಯೂಷನ್ ಸ್ಕಿಲ್ ಬೇರೆ: ಅದು ಏಟು ತಪ್ಪಿಸಿಕೊಳ್ಳುವಾಗ ಒಮ್ಮೆಲೇ ಕಳೆಯುವ ಸ್ಟ್ಯಾಮಿನಾಗೆ. (ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದೇ ಮಾಮೂಲಿ ತಪ್ಪು.) ಡೀಮನ್ ಮೋಡ್‌ನಲ್ಲಿ ಹೊಡೆದಂತೆ ತುಂಬುವ ಗೇಜ್ ಪೂರ್ತಿಯಾದ ಕೂಡಲೇ ಆ ಮೋಡ್ ಬಿಡಿ, ಆಗ ಸಿಗುವ ಆರ್ಚ್‌ಡೀಮನ್ ಮೋಡ್‌ನಲ್ಲಿ ಸ್ಟ್ಯಾಮಿನಾ ಹಾಗೆ ಸೋರುವುದಿಲ್ಲ. ಕತ್ತಿಯ ಹರಿತವೂ ಬೇಗ ಇಳಿಯುತ್ತದೆ, ಪ್ರಾಣಿ ಜಾಗ ಬದಲಿಸುವಾಗ ವೆಟ್‌ಸ್ಟೋನ್ (ಸಾಣೆಕಲ್ಲು) ಉಜ್ಜಿಕೊಳ್ಳಿ.