ಇಬ್ಬರೇ ನಡೆಸುವ ಬಡಗಿ ಕೆಲಸಕ್ಕೆ ಹೊಣೆಗಾರಿಕೆ ವಿಮೆ ಬೇಕೇ?

ಉಳಿ_ಬಾಚಿ: ನಾವಿಬ್ಬರು ಗ್ರಾಹಕರ ಜಾಗಕ್ಕೆ ಹೋಗಿ ಕಪಾಟು ಕೂರಿಸುವವರು. ಜನರಲ್ ಲಯಬಿಲಿಟಿ ವಿಮೆ (ನಮ್ಮ ಕೆಲಸದಿಂದ ಬೇರೆಯವರಿಗೆ ಗಾಯ, ನಷ್ಟವಾದರೆ ಹಣ ಕೊಡುವಂಥದ್ದು) ಮಾಡಿಸಿ ಎಂದು ಏಜೆಂಟರೊಬ್ಬರು ಬೆನ್ನು ಬಿದ್ದಿದ್ದಾರೆ. ನಿಜಕ್ಕೂ ಬೇಕೇ?

ಬಿಗಿಮುಷ್ಟಿ: ದಂಡದ ಖರ್ಚು. ಕಂಪನಿಯಾಗಿ ನೋಂದಾಯಿಸಿಕೊಳ್ಳಿ, ನಿಮ್ಮ ಮನೆಮಠಕ್ಕೆ ಯಾರೂ ಕೈ ಹಾಕಲಾರರು. 1896ರಲ್ಲೇ ಸಾಲೊಮನ್ ಪ್ರಕರಣದಲ್ಲಿ ಇಂಗ್ಲೆಂಡಿನ ಅಂದಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಇದನ್ನು ತೀರ್ಮಾನಿಸಿ ಆಗಿದೆ.

ಕರಿಕೋಟು: "ಯಾರೂ ಕೈ ಹಾಕಲಾರರು" ಅಂತೆ! ಸಾಲೊಮನ್ ಬೂಟು ತಯಾರಕ ಸ್ವಾಮಿ. ಅಲ್ಲಿ ನಡೆದದ್ದು ಸಾಲ ಕೊಟ್ಟವರ ಬಾಕಿಯ ಜಗಳ. ಯಾರ ತಲೆಯ ಮೇಲೂ ಕಪಾಟು ಬಿದ್ದಿರಲಿಲ್ಲ. ಸ್ಕ್ರೂ ಸಡಿಲ ಬಿಟ್ಟ ಕೈ ನಿಮ್ಮದೇ ಆಗಿದ್ದರೆ ಕಂಪನಿಯ ಜೊತೆಗೆ ನಿಮ್ಮನ್ನೂ ಕೋರ್ಟಿಗೆ ಎಳೆಯಬಹುದು.

ಬಿಗಿಮುಷ್ಟಿ: ಬೂಟು ತಯಾರಕ ಎಂದು ಹೀಗಳೆದರೆ ತೀರ್ಪು ಬಿದ್ದುಹೋಗುವುದಿಲ್ಲ. 20,007 ಷೇರುಗಳಲ್ಲಿ 20,001 ಆತನದೇ. ಆದರೂ ಕಂಪನಿ ಬೇರೆ, ಆತ ಬೇರೆ ಎಂದರು. ಓದಿಕೊಂಡು ಬನ್ನಿ.

ಕರಿಕೋಟು: ಓದಿಕೊಂಡೇ ಬಂದಿದ್ದೇನೆ. ಷೇರು ಎಣಿಸುವುದನ್ನು ಬಿಟ್ಟು, ಗಾಯಗೊಂಡವನೊಬ್ಬನನ್ನು ಆ ತೀರ್ಪಿನಲ್ಲಿ ತೋರಿಸಿ.

ಬಿಗಿಮುಷ್ಟಿ: ತತ್ವ ಒಂದೇ. ಬೂಟಾದರೇನು, ಕಪಾಟಾದರೇನು?

ಪಾಲಿಸಿ_ಮಿತ್ರ: ಇಬ್ಬರೂ ಬೂಟು ಬಿಚ್ಚಿಟ್ಟು ಕೇಳಿ. ವಿಮೆ ಇದ್ದರೆ ಎಲ್ಲಕ್ಕೂ ರಕ್ಷಣೆ.

ಖಾತೆಪುಸ್ತಕ: "ಎಲ್ಲಕ್ಕೂ"? ನೌಕರ ಏಣಿಯಿಂದ ಬಿದ್ದರೆ ಈ ಪಾಲಿಸಿ ಸಾಮಾನ್ಯವಾಗಿ ಬಾರದು, ಅದಕ್ಕೆ ಬೇರೆ ಪಾಲಿಸಿ. ನಿಮ್ಮ ಡ್ರಿಲ್ ಕಳುವಾದರೂ ಬಾರದು. ಕಪಾಟು ಕಿತ್ತು ಬಿದ್ದು ಗ್ರಾಹಕರ ಟಿವಿ ಒಡೆದರೆ ಟಿವಿಗೆ ಹಣ ಬಂದೀತು. ಕಪಾಟನ್ನು ಮತ್ತೆ ಕೂರಿಸುವ ಖರ್ಚು ನಿಮ್ಮ ತಲೆಗೇ.

ಪಾಲಿಸಿ_ಮಿತ್ರ: "ಟಿವಿಗೆ ಹಣ ಬಂದೀತು" ಎಂದು ನೀವೇ ಬರೆದಿರಿ ಮೇಡಂ, ಧನ್ಯವಾದ. ತಪ್ಪು ನಮ್ಮದಲ್ಲ ಎಂದು ವಾದಿಸಲೂ ವಕೀಲರು ಬೇಕು. ಆ ಖರ್ಚೂ ಅನೇಕ ಪಾಲಿಸಿಗಳಲ್ಲಿ ಸೇರಿರುತ್ತದೆ.

ಬಿಗಿಮುಷ್ಟಿ: ಧನ್ಯವಾದ ಹೇಳುವವರು ತಮ್ಮ ಕಮಿಷನ್ ಎಷ್ಟೆಂದೂ ಹೇಳಲಿ.

ಪಾಲಿಸಿ_ಮಿತ್ರ: ನಾಲಿಗೆ ಬಿಗಿಯಿರಲಿ. ನಾನು ನಿವೃತ್ತನಾಗಿದ್ದೇನೆ.

ಕರಿಕೋಟು: ಗಾಯಗೊಂಡವನು ಇನ್ನೂ ಸಿಗಲಿಲ್ಲವೇ?

ಉಳಿ_ಬಾಚಿ: ಈಗಷ್ಟೇ ಕಚೇರಿ ಕಟ್ಟಡವೊಂದರ ಮುಖ್ಯ ಗುತ್ತಿಗೆದಾರರು ಕರೆ ಮಾಡಿದ್ದರು. ವಿಮೆಯ ಪ್ರಮಾಣಪತ್ರ ತೋರಿಸದೆ ಒಳಗೆ ಬಿಡುವುದಿಲ್ಲವಂತೆ.

ಬಿಗಿಮುಷ್ಟಿ: ಅಂಥ ಕೆಲಸವೇ ಬೇಡ.

ಖಾತೆಪುಸ್ತಕ: "ಬೇಡ" ಎನ್ನಲು ನಿಮ್ಮ ಹೊಟ್ಟೆಪಾಡಲ್ಲವಲ್ಲ! ಉಳಿ_ಬಾಚಿಯವರೇ, ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಒಟ್ಟು ಎಷ್ಟು ಪರಿಹಾರದ ಮಿತಿ ಇರಬೇಕೆಂದು ಅವರಿಂದ ಬರಹದಲ್ಲಿ ಪಡೆದುಕೊಳ್ಳಿ. ಕಂತಿನ ಚೌಕಾಸಿ ಆಮೇಲೆ.

ಬಿಗಿಮುಷ್ಟಿ: ಕಂಪನಿ ನೋಂದಣಿಯನ್ನಂತೂ ಮಾಡಿಸಿ. ನಾನು ಹೇಳಿದ್ದೂ ಅಷ್ಟೇ.

ಕರಿಕೋಟು: ಅಷ್ಟೇ ಅಲ್ಲ. ಮೇಲೆ ಹೋಗಿ ನೋಡಿ.